ಲಂಡನ್–ಸಿಡ್ನಿ ವಿಮಾನ ಮಾರ್ಗ

ಲಂಡನ್–ಸಿಡ್ನಿ ವಿಮಾನ ಮಾರ್ಗವು ಯುನೈಟೆಡ್ ಕಿಂಗ್‌ಡಂನ ರಾಜಧಾನಿ ಲಂಡನ್ ಮತ್ತು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ರಾಜಧಾನಿ ಸಿಡ್ನಿ ನಗರಗಳ ನಡುವಿನ ವಾಯುಮಾರ್ಗವಾಗಿದೆ. ಏಷ್ಯಾದ ಮೂಲಕ ಸಾಗುವ ಈ ಮಾರ್ಗವು ‘ಕಾಂಗರೂ ಮಾರ್ಗ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಈ ಹೆಸರು ಆಸ್ಟ್ರೇಲಿಯಾದ ಕ್ವಾಂಟಾಸ್ ವಿಮಾನಯಾನ ಸಂಸ್ಥೆಯ ನೋಂದಾಯಿತ ವ್ಯಾಪಾರ ಮುದ್ರೆಯೂ ಹೌದು. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಿಂದ ಸಿಡ್ನಿಯ ಕಿಂಗ್ಸ್‌ಫರ್ಡ್ ಸ್ಮಿತ್ ವಿಮಾನ ನಿಲ್ದಾಣಕ್ಕೆ ಇರುವ ಅತಿ ಕಡಿಮೆ ದೂರ ಸುಮಾರು 17,000 ಕಿ.ಮೀ. ಒಂದು ನಿಲುಗಡೆಯಿರುವ ವಿಮಾನದಲ್ಲಿ ಈ ಪ್ರಯಾಣಕ್ಕೆ ಸಾಮಾನ್ಯವಾಗಿ 22ರಿಂದ 24 ಗಂಟೆ ಬೇಕಾಗುತ್ತದೆ.

ದೂರದ ಅಂಕಿ ಎಂದಿಗೂ ಬದಲಾಗಿಲ್ಲ. ಕಾಲದ ಅಂಕಿ ಮಾತ್ರ ಸ್ಥಿರವಾಗಿ ನಿಂತದ್ದೇ ಇಲ್ಲ. 1919ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾದ ನೆಲ ಮುಟ್ಟಲು 28 ದಿನ ಬೇಕಾಯಿತು; 1947ರಲ್ಲಿ ಸಿಡ್ನಿಯಿಂದ ಲಂಡನ್ನಿಗೆ ನಾಲ್ಕು ದಿನ; 2019ರ ಒಂದು ಪ್ರಾಯೋಗಿಕ ಹಾರಾಟದಲ್ಲಿ 19 ಗಂಟೆ 19 ನಿಮಿಷ. ವಿಮಾನದ ವೇಗವೊಂದೇ ಇದಕ್ಕೆ ಕಾರಣವಲ್ಲ. ಎಲ್ಲಿ ಇಳಿಯಬೇಕು, ಎಷ್ಟು ಇಂಧನ ಹೊರಬೇಕು, ಗಾಳಿ ಯಾವ ಕಡೆಗೆ ಬೀಸುತ್ತಿದೆ, ಯಾವ ದೇಶದ ಆಕಾಶ ತೆರೆದಿದೆ ಎಂಬ ಪ್ರಶ್ನೆಗಳಿಗೆ ಆಯಾ ಕಾಲದಲ್ಲಿ ಸಿಕ್ಕ ಉತ್ತರಗಳೇ ಪ್ರಯಾಣದ ಅವಧಿಯನ್ನು ನಿರ್ಧರಿಸಿವೆ.

ದೂರ

ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರವನ್ನು ಮಹಾವೃತ್ತದ ಉದ್ದಕ್ಕೂ ಅಳೆಯಲಾಗುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆಗಿರುವುದರಿಂದ ಯಾವುದೇ ಎರಡು ಸ್ಥಳಗಳ ನಡುವಿನ ಗರಿಷ್ಠ ಅಂತರ 20,000 ಕಿ.ಮೀ. ಮಾತ್ರ. ಲಂಡನ್ ಮತ್ತು ಸಿಡ್ನಿ ಆ ಗರಿಷ್ಠದ ಶೇಕಡ 85ರಷ್ಟು ದೂರದಲ್ಲಿವೆ. ಲಂಡನ್ನಿಗೆ ಭೂಗೋಳದ ನೇರ ಎದುರು ಬದಿಯಲ್ಲಿರುವ ಬಿಂದು ನ್ಯೂಜಿಲೆಂಡಿನ ಆಗ್ನೇಯಕ್ಕೆ ಸಾಗರದಲ್ಲಿದೆ. ಅದರ ಸಮೀಪದ ನಿರ್ಜನ ದ್ವೀಪಗಳಿಗೆ ಆ ಕಾರಣದಿಂದಲೇ ಆಂಟಿಪೋಡಿಸ್ ದ್ವೀಪಗಳೆಂಬ ಹೆಸರು ಬಂದಿದೆ. ಸಿಡ್ನಿಗೆ ಎದುರು ಬಿಂದು ಅಟ್ಲಾಂಟಿಕ್ ಸಾಗರದಲ್ಲಿ, ಅಜೋರ್ಸ್ ದ್ವೀಪಗಳ ದಕ್ಷಿಣಕ್ಕೆ ಬರುತ್ತದೆ.

ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ನೋಡಿದರೆ ಲಂಡನ್ನಿನಿಂದ ಸಿಡ್ನಿಗೆ ಆಗ್ನೇಯ ದಿಕ್ಕಿನಲ್ಲಿ ಹೊರಡಬೇಕೆಂದು ತೋರುತ್ತದೆ. ವಾಸ್ತವದಲ್ಲಿ ಅತಿ ಕಡಿಮೆ ದೂರದ ದಾರಿ ಈಶಾನ್ಯಕ್ಕೆ ಹೊರಡುತ್ತದೆ. ಅದು ಬಾಲ್ಟಿಕ್ ಸಮುದ್ರದ ಪ್ರದೇಶವನ್ನು ದಾಟಿ ಸುಮಾರು 57 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ರಷ್ಯಾ ಮತ್ತು ಮಧ್ಯ ಏಷ್ಯಾದ ಮೇಲೆ ಬಾಗಿ, ಚೀನಾವನ್ನು ದಾಟಿ ದಕ್ಷಿಣಕ್ಕೆ ಇಳಿಯುತ್ತದೆ. ಈ ದಾರಿಯ ಸರಿಯಾದ ನಡುಬಿಂದು ನೈಋತ್ಯ ಚೀನಾದ ಸಿಚುವಾನ್ ಪ್ರಾಂತ್ಯದ ದಕ್ಷಿಣ ಭಾಗದಲ್ಲಿದೆ. ಸಮತಟ್ಟಾದ ನಕ್ಷೆಯ ಬದಲು ಗೋಳದ ಮೇಲೆ ದಾರ ಎಳೆದು ನೋಡಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಈ ಮಾರ್ಗದ ಇನ್ನೊಂದು ವೈಶಿಷ್ಟ್ಯವೆಂದರೆ, ಇಲ್ಲಿ ಸುತ್ತುದಾರಿ ಅಷ್ಟೇನೂ ದುಬಾರಿಯಲ್ಲ. ಗೋಳದ ನೇರ ಎದುರುಬದುರು ಇರುವ ಎರಡು ಬಿಂದುಗಳ ನಡುವೆ ಯಾವ ದಿಕ್ಕಿನಲ್ಲಿ ಹೊರಟರೂ ದೂರ ಒಂದೇ ಆಗಿರುತ್ತದೆ. ಲಂಡನ್ ಮತ್ತು ಸಿಡ್ನಿ ಹಾಗೆ ಸಂಪೂರ್ಣವಾಗಿ ಎದುರುಬದುರಿಲ್ಲದಿದ್ದರೂ ಆ ಸ್ಥಿತಿಗೆ ಸಾಕಷ್ಟು ಹತ್ತಿರದಲ್ಲಿವೆ. ಹಾಗಾಗಿ ನೇರ ದಾರಿಯಿಂದ ಸಾವಿರಾರು ಕಿ.ಮೀ. ಪಕ್ಕಕ್ಕೆ ಇರುವ ಊರುಗಳ ಮೂಲಕ ಹೋದರೂ ಒಟ್ಟು ದೂರ ಸ್ವಲ್ಪವೇ ಹೆಚ್ಚುತ್ತದೆ. ಲಂಡನ್ನಿನಿಂದ ಸಿಂಗಾಪುರಕ್ಕೆ ಸುಮಾರು 10,880 ಕಿ.ಮೀ., ಅಲ್ಲಿಂದ ಸಿಡ್ನಿಗೆ ಸುಮಾರು 6,290 ಕಿ.ಮೀ.; ಒಟ್ಟು ಸೇರಿಸಿದರೆ ನೇರ ದಾರಿಗಿಂತ ಹೆಚ್ಚುವುದು 160 ಕಿ.ಮೀ. ಆಸುಪಾಸು ಮಾತ್ರ. ಇದು ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಇನ್ನಷ್ಟು ಮುಂದೆ ಸಾಗಿದಷ್ಟು. ದುಬೈ ಮೂಲಕ ಹೋದರೆ ಸುಮಾರು 500 ಕಿ.ಮೀ., ಆಸ್ಟ್ರೇಲಿಯಾದ ಪಶ್ಚಿಮ ಅಂಚಿನ ಪರ್ತ್ ನಗರದ ಮೂಲಕ ಹೋದರೆ ಸುಮಾರು 750 ಕಿ.ಮೀ. ಹೆಚ್ಚಾಗುತ್ತದೆ. ಅಮೆರಿಕದ ಲಾಸ್ ಏಂಜಲೀಸ್ ಮೂಲಕ ಪಶ್ಚಿಮ ದಿಕ್ಕಿನಲ್ಲಿ ಸುತ್ತಿ ಹೋಗುವ ದಾರಿ ಮಾತ್ರ ನಿಜವಾಗಿಯೂ ದೀರ್ಘವಾದುದು. ಅದು 20,000 ಕಿ.ಮೀ. ಮೀರುತ್ತದೆ.

ಕೋಲ್ಕತ್ತಾ ಈ ಲೆಕ್ಕದಲ್ಲಿ ಸಿಂಗಾಪುರಕ್ಕಿಂತಲೂ ಅನುಕೂಲಕರ ಸ್ಥಾನದಲ್ಲಿದೆ: ಅದರ ಮೂಲಕ ಹೋದರೆ ಹೆಚ್ಚುವ ದೂರ ಸುಮಾರು 100 ಕಿ.ಮೀ. ಅಷ್ಟೆ. ಬೆಂಗಳೂರಿನ ಮೂಲಕವಾದರೆ ಸುಮಾರು 400 ಕಿ.ಮೀ. ಹೆಚ್ಚಾಗುತ್ತದೆ, ಅಂದರೆ ದುಬೈಗಿಂತ ಕಡಿಮೆ. ಭಾರತೀಯ ಉಪಖಂಡವು ಈ ಮಾರ್ಗದ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಬ್ರಿಟಿಷ್ ಆಳ್ವಿಕೆ ಒಂದು ಕಾರಣವಾದರೆ, ಈ ಭೂಗೋಳ ಇನ್ನೊಂದು ಕಾರಣ.

ಹಾರಾಟದ ಅವಧಿ

ಇಂದಿನ ದೊಡ್ಡ ಜೆಟ್ ವಿಮಾನಗಳು ಎತ್ತರದಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಸಾಗುತ್ತವೆ. 17,000ವನ್ನು 900ರಿಂದ ಭಾಗಿಸಿದರೆ ಸುಮಾರು 19 ಗಂಟೆ ಬರುತ್ತದೆ. ಇದು ಗಾಳಿಯಿಲ್ಲದ, ನಿಲುಗಡೆಯಿಲ್ಲದ, ಅಂಕುಡೊಂಕಿಲ್ಲದ ದಾರಿಯ ಲೆಕ್ಕ. ಅಂತರಜಾಲದಲ್ಲಿ ದೊರೆಯುವ ದೂರ–ಸಮಯದ ಗಣಕಗಳು ಬಹುಮಟ್ಟಿಗೆ ಇದೇ ರೀತಿಯ ಭಾಗಾಕಾರ ಮಾಡಿ ಉತ್ತರ ಕೊಡುವುದರಿಂದ ಅವು ತೋರಿಸುವ ಸಂಖ್ಯೆಯನ್ನು ವಿಮಾನದ ವೇಳಾಪಟ್ಟಿ ಎಂದು ಭಾವಿಸಬಾರದು.

ಸಿಂಗಾಪುರದ ಮೂಲಕ ಸಾಗುವ ವಿಮಾನವು ಲಂಡನ್ನಿನಿಂದ ಸಿಂಗಾಪುರಕ್ಕೆ ಸುಮಾರು 13 ಗಂಟೆ, ಸಿಂಗಾಪುರದಿಂದ ಸಿಡ್ನಿಗೆ ಸುಮಾರು 8 ಗಂಟೆ ಹಾರುತ್ತದೆ. ನಡುವೆ ಇಂಧನ ತುಂಬಲು ಮತ್ತು ಸಿಬ್ಬಂದಿ ಬದಲಾವಣೆಗೆ ಒಂದೂವರೆ ಗಂಟೆಯಷ್ಟು ನಿಲ್ಲುತ್ತದೆ. ಕ್ವಾಂಟಾಸ್ ಮತ್ತು ಬ್ರಿಟಿಷ್ ಏರ್‌ವೇಸ್ ಎರಡೂ ಈ ಮಾರ್ಗದಲ್ಲಿ ಸಿಂಗಾಪುರವನ್ನು ನಿಲುಗಡೆಯಾಗಿ ಬಳಸಿವೆ. ದುಬೈ, ದೋಹಾ, ಹಾಂಗ್‌ಕಾಂಗ್ ಮೊದಲಾದ ಊರುಗಳಲ್ಲಿ ವಿಮಾನ ಬದಲಿಸಿ ಹೋಗುವವರೂ ಬಹಳ. ಅಂತಹ ಪ್ರಯಾಣದಲ್ಲಿ ಹಾರಾಟದ ಅವಧಿಗಿಂತ ನಡುವಿನ ಕಾಯುವಿಕೆಯೇ ಒಟ್ಟು ಸಮಯವನ್ನು ನಿರ್ಧರಿಸುತ್ತದೆ. ಎರಡು ಗಂಟೆಯ ಕಾಯುವಿಕೆಯಿದ್ದರೆ ಒಂದು ದಿನದೊಳಗೆ ತಲುಪಬಹುದು. ಅಗ್ಗದ ಟಿಕೆಟ್ಟಿಗಾಗಿ ಹತ್ತು ಗಂಟೆ ಕಾಯುವವರಿಗೆ ಅದೇ ದೂರ ಒಂದೂವರೆ ದಿನದ ಪ್ರಯಾಣವಾಗುತ್ತದೆ.

ಹೋಗುವ ಮತ್ತು ಬರುವ ಅವಧಿಗಳು ಸಮನಾಗಿರುವುದಿಲ್ಲ. ಎರಡೂ ಗೋಳಾರ್ಧಗಳ ಮಧ್ಯ ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲಿ, ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾಗಿ ಬೀಸುತ್ತದೆ. ಇದರ ಅತಿ ವೇಗದ ಕಿರುಪಟ್ಟಿಗಳನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಲಂಡನ್ನಿನಿಂದ ಸಿಡ್ನಿಗೆ ಹೋಗುವ ವಿಮಾನವನ್ನು ಈ ಗಾಳಿ ಹಿಂದಿನಿಂದ ತಳ್ಳುತ್ತದೆ. ಮರಳುವ ವಿಮಾನಕ್ಕೆ ಅದು ಎದುರುಗಾಳಿ. ತಡೆರಹಿತ ಹಾರಾಟದ ಪ್ರಯೋಗಗಳು ಲಂಡನ್ನಿನಿಂದ ಸಿಡ್ನಿಯ ಕಡೆಗೆ ನಡೆದಿರುವುದರ ಹಿಂದೆಯೂ ಈ ಅನುಕೂಲವಿದೆ. ಪ್ರಯೋಗದಲ್ಲಿ ಪೂರ್ವಕ್ಕೆ ಹಾರಿ ತೋರಿಸುವುದು ಒಂದು. ವಾಣಿಜ್ಯ ಸೇವೆಯಲ್ಲಿ ಚಳಿಗಾಲದ ಎದುರುಗಾಳಿಯಲ್ಲಿ ತುಂಬಿದ ವಿಮಾನವನ್ನು ಪಶ್ಚಿಮಕ್ಕೆ ಹಾರಿಸುವುದು ಇನ್ನೊಂದು.

ಆರಂಭದ ಹಾರಾಟಗಳು

ವಿಮಾನಕ್ಕೆ ಮೊದಲು ಈ ದೂರವನ್ನು ಹಡಗು ಅಳೆಯುತ್ತಿತ್ತು. 1787ರ ಮೇ 13ರಂದು ಇಂಗ್ಲೆಂಡ್ ಬಿಟ್ಟ, ಕೈದಿಗಳನ್ನು ಹೊತ್ತ ‘ಮೊದಲ ನೌಕಾಪಡೆ’ಯು ಸಿಡ್ನಿಯ ಬಳಿಯ ಬಾಟನಿ ಕೊಲ್ಲಿಯನ್ನು ತಲುಪಿದ್ದು 1788ರ ಜನವರಿಯಲ್ಲಿ, ಎಂಟು ತಿಂಗಳ ನಂತರ. ಸೂಯೆಜ್ ಕಾಲುವೆ ಮತ್ತು ಉಗಿಹಡಗು ಬಂದ ಮೇಲೆ ಅದು ಐದಾರು ವಾರಗಳಿಗೆ ಇಳಿಯಿತು. ಮೊದಲನೆಯ ಮಹಾಯುದ್ಧ ಮುಗಿದಾಗಲೂ ಲಂಡನ್ನಿಗೆ ಬರೆದ ಪತ್ರಕ್ಕೆ ಉತ್ತರ ಬರಲು ಸಿಡ್ನಿಯವರು ಎರಡು ತಿಂಗಳಿಗೂ ಹೆಚ್ಚು ಕಾಯಬೇಕಿತ್ತು.

1919ರಲ್ಲಿ ಆಸ್ಟ್ರೇಲಿಯಾ ಸರ್ಕಾರವು ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ 30 ದಿನಗಳೊಳಗೆ ಹಾರಿಬರುವ ಮೊದಲ ಆಸ್ಟ್ರೇಲಿಯನ್ನರಿಗೆ 10,000 ಪೌಂಡುಗಳ ಬಹುಮಾನ ಘೋಷಿಸಿತು. ಸಹೋದರರಾದ ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್, ಮೆಕ್ಯಾನಿಕ್‌ಗಳಾದ ಜಿಮ್ ಬೆನೆಟ್ ಮತ್ತು ವಾಲಿ ಶಿಯರ್ಸ್ ಜತೆಯಲ್ಲಿ, ವಿಕರ್ಸ್ ವಿಮಿ ಎಂಬ ಎರಡು ಎಂಜಿನ್ನುಗಳ ಬಾಂಬರ್ ವಿಮಾನದಲ್ಲಿ ನವೆಂಬರ್ 12ರಂದು ಲಂಡನ್ನಿನ ಹೌನ್ಸ್‌ಲೋದಿಂದ ಹೊರಟು ಡಿಸೆಂಬರ್ 10ರಂದು ಡಾರ್ವಿನ್ ತಲುಪಿದರು. ಚಾಲಕರು ಕುಳಿತದ್ದು ಮೇಲೆ ಮುಚ್ಚಿಗೆಯಿಲ್ಲದ ಆಸನಗಳಲ್ಲಿ. ದಾರಿಯಲ್ಲಿ ಕರಾಚಿ, ದೆಹಲಿ, ಅಲಹಾಬಾದ್ ಮತ್ತು ಕಲ್ಕತ್ತಾಗಳಲ್ಲಿ ಇಳಿದರು. ಜಾವಾದ ಸುರಬಾಯದಲ್ಲಿ ವಿಮಾನದ ಚಕ್ರಗಳು ಕೆಸರಿನಲ್ಲಿ ಹೂತುಹೋದಾಗ ಊರಿನ ಜನರು ತಂದು ಹಾಸಿದ ಬಿದಿರಿನ ತಟ್ಟಿಗಳ ಮೇಲೆ ಓಡಿ ಅದು ಮೇಲೇರಿತು. ಈ ಸ್ಪರ್ಧೆಗೆ ಇಳಿದವರಲ್ಲಿ ನಾಲ್ವರು ದಾರಿಯಲ್ಲಿ ಪ್ರಾಣ ಕಳೆದುಕೊಂಡರು. ರೇ ಪಾರರ್ ಮತ್ತು ಜಾನ್ ಮ್ಯಾಕಿಂಟಾಷ್ ಎಂಬ ಇನ್ನೊಂದು ಜೋಡಿ ಬಹುಮಾನದ ಗಡುವು ಮುಗಿದು ಎಷ್ಟೋ ತಿಂಗಳಾದ ಮೇಲೂ ಪಟ್ಟು ಬಿಡದೆ 1920ರ ಆಗಸ್ಟಿನಲ್ಲಿ ಡಾರ್ವಿನ್ ಮುಟ್ಟಿತು. ಸ್ಮಿತ್ ಸಹೋದರರ ವಿಮಾನವನ್ನು ಅಡಿಲೇಡ್ ವಿಮಾನ ನಿಲ್ದಾಣದಲ್ಲಿ ಇಂದಿಗೂ ನೋಡಬಹುದು.

1928ರ ಫೆಬ್ರುವರಿಯಲ್ಲಿ ಬರ್ಟ್ ಹಿಂಕ್ಲರ್ ಒಬ್ಬಂಟಿಯಾಗಿ ಹದಿನೈದೂವರೆ ದಿನಗಳಲ್ಲಿ ಇಂಗ್ಲೆಂಡಿನಿಂದ ಡಾರ್ವಿನ್‌ಗೆ ಬಂದರು. 1930ರ ಮೇ ತಿಂಗಳಲ್ಲಿ ಏಮಿ ಜಾನ್ಸನ್ ಈ ದಾರಿಯನ್ನು ಏಕಾಂಗಿಯಾಗಿ ಕ್ರಮಿಸಿದ ಮೊದಲ ಮಹಿಳೆಯಾದರು. 1934ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಿಂದ ಮೆಲ್ಬರ್ನ್‌ಗೆ ನಡೆದ ವಿಮಾನ ಸ್ಪರ್ಧೆಯಲ್ಲಿ ಗೆದ್ದ ವಿಮಾನವು 71 ಗಂಟೆಗಳಲ್ಲಿ ಗುರಿ ತಲುಪಿತು. ಆದರೆ ಅಂದು ಹೆಚ್ಚು ಪರಿಣಾಮ ಬೀರಿದ್ದು ಎರಡನೆಯ ಸ್ಥಾನ ಪಡೆದ ಡಚ್ ಸಂಸ್ಥೆ ಕೆಎಲ್‌ಎಂನ ವಿಮಾನ. ಅದು ಸ್ಪರ್ಧೆಗೆಂದೇ ಕಟ್ಟಿದ ಯಂತ್ರವಾಗಿರಲಿಲ್ಲ. ಪ್ರಯಾಣಿಕರನ್ನು ಹೊತ್ತ ಡಿಸಿ–2 ಮಾದರಿಯ ಸಾಧಾರಣ ವಿಮಾನವಾಗಿತ್ತು.

ಪ್ರಯಾಣಿಕ ಸೇವೆಯ ಆರಂಭ

1934ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾಗಳ ನಡುವೆ ನಿಯಮಿತ ವಿಮಾನ ಅಂಚೆ ಆರಂಭವಾಯಿತು. 1935ರ ಏಪ್ರಿಲಿನಲ್ಲಿ ಪ್ರಯಾಣಿಕರಿಗೂ ಮಾರ್ಗ ತೆರೆಯಿತು. ಬ್ರಿಸ್ಬೇನ್‌ನಿಂದ ಸಿಂಗಾಪುರದವರೆಗೆ ಕ್ವಾಂಟಾಸ್ ಎಂಪೈರ್ ಏರ್‌ವೇಸ್, ಅಲ್ಲಿಂದ ಮುಂದೆ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ವಿಮಾನ ಹಾರಿಸುತ್ತಿದ್ದವು. ಒಟ್ಟು ಹನ್ನೆರಡೂವರೆ ದಿನಗಳ ಈ ಪ್ರಯಾಣದಲ್ಲಿ ಇಟಲಿಯ ಬ್ರಿಂಡಿಸಿಯಿಂದ ಪ್ಯಾರಿಸ್ಸಿನವರೆಗೆ ರೈಲಿನಲ್ಲಿ ಹೋಗಬೇಕಾಗಿತ್ತು ಎಂಬುದು ಇಂದು ವಿಚಿತ್ರವೆನಿಸುತ್ತದೆ.

1938ರಲ್ಲಿ ಸಿಡ್ನಿ ಬಂದರಿನ ರೋಸ್ ಬೇಯಿಂದ ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಫ್ಲೈಯಿಂಗ್ ಬೋಟ್‌ಗಳ ಸೇವೆ ಬಂತು. ನೀರಿನ ಮೇಲೆ ಇಳಿದು ನೀರಿನಿಂದಲೇ ಏರುವ ಈ ವಿಮಾನಗಳಿಗೆ ಕಟ್ಟಿದ ಓಡುದಾರಿ ಬೇಕಿರಲಿಲ್ಲ. ಬೇಕಿದ್ದುದು ಶಾಂತವಾದ ನದಿ, ಕೆರೆ ಅಥವಾ ಬಂದರು. ಆದುದರಿಂದ ಭಾರತದಲ್ಲಿ ಅವು ಕರಾಚಿಯ ನಂತರ ರಾಜಸ್ಥಾನದ ರಾಜಸಮಂದ್ ಕೆರೆ, ಗ್ವಾಲಿಯರ್, ಅಲಹಾಬಾದ್ ಮತ್ತು ಕಲ್ಕತ್ತಾಗಳ ನೀರಿನ ಮೇಲೆ ಇಳಿಯುತ್ತಿದ್ದವು. ರಾತ್ರಿ ಹಾರಾಟವಿರಲಿಲ್ಲ, ಪ್ರಯಾಣಿಕರು ಹೋಟೆಲುಗಳಲ್ಲಿ ತಂಗಿ ಬೆಳಗ್ಗೆ ಮತ್ತೆ ವಿಮಾನ ಏರುತ್ತಿದ್ದರು. ಒಂಬತ್ತು ಹತ್ತು ದಿನಗಳ ಈ ಪ್ರಯಾಣದಲ್ಲಿ ಅವರು ದಾರಿಯ ಊರುಗಳನ್ನು ಕಣ್ಣಾರೆ ಕಂಡು, ಅಲ್ಲಿ ಉಂಡು, ಮಲಗಿ ಮುಂದೆ ಹೋಗುತ್ತಿದ್ದರು. ಇಂದಿನ ಪ್ರಯಾಣಿಕನಿಗೆ ಅವು ಆಸನದ ಎದುರಿನ ಪರದೆಯ ಮೇಲೆ ಸರಿದುಹೋಗುವ ಹೆಸರುಗಳು ಮಾತ್ರ.

ಯುದ್ಧಕಾಲ ಮತ್ತು ಎರಡು ಸೂರ್ಯೋದಯಗಳು

1940ರಲ್ಲಿ ಇಟಲಿ ಯುದ್ಧಕ್ಕೆ ಇಳಿದಾಗ ಮೆಡಿಟರೇನಿಯನ್ ಭಾಗದ ದಾರಿ ಮುಚ್ಚಿತು. ಸಿಡ್ನಿಯಿಂದ ಹೊರಟ ವಿಮಾನಗಳು ಭಾರತ, ಕೈರೋ ಮಾರ್ಗವಾಗಿ ದಕ್ಷಿಣ ಆಫ್ರಿಕಾದ ಡರ್ಬನ್ ತಲುಪಿ, ಅಲ್ಲಿಂದ ಹಡಗಿನ ಸಂಪರ್ಕ ಪಡೆಯುತ್ತಿದ್ದವು. ನಕ್ಷೆಯ ಮೇಲಿನ ಆಕಾರದಿಂದಾಗಿ ಇದಕ್ಕೆ ‘ಕುದುರೆ ಲಾಳದ ಮಾರ್ಗ’ ಎಂಬ ಹೆಸರಿತ್ತು. 1942ರ ಫೆಬ್ರುವರಿ 15ರಂದು ಸಿಂಗಾಪುರವು ಜಪಾನಿನ ವಶವಾದಾಗ ಆ ದಾರಿಯೂ ಕಡಿದುಹೋಯಿತು.

ಇದಕ್ಕೆ ಪರ್ಯಾಯವಾಗಿ 1943ರಲ್ಲಿ ಪರ್ತ್ ಮತ್ತು ಸಿಲೋನಿನ ಕೊಗ್ಗಲ ಸರೋವರದ ನಡುವೆ ಹಿಂದೂ ಮಹಾಸಾಗರದ ಮೇಲೆ ಕ್ಯಾಟಲೀನಾ ಫ್ಲೈಯಿಂಗ್ ಬೋಟ್‌ಗಳ ಗುಪ್ತ ಸೇವೆ ಆರಂಭವಾಯಿತು. ಸುಮಾರು 5,600 ಕಿ.ಮೀ. ದೂರವನ್ನು ಎಲ್ಲಿಯೂ ಇಳಿಯದೆ ದಾಟಲು 27ರಿಂದ 33 ಗಂಟೆ ಹಿಡಿಯುತ್ತಿತ್ತು. ಶತ್ರುವಿಗೆ ಸುಳಿವು ಸಿಗಬಾರದೆಂದು ರೇಡಿಯೋ ಮೌನ ಪಾಲಿಸಲಾಗುತ್ತಿತ್ತು. ದಾರಿ ಹುಡುಕಲು ನಕ್ಷತ್ರಗಳೇ ಆಧಾರ. ಇಂಧನದ ಭಾರದಿಂದಾಗಿ ಒಂದು ವಿಮಾನದಲ್ಲಿ ಹೆಚ್ಚೆಂದರೆ ಮೂವರು ಪ್ರಯಾಣಿಕರಿಗೂ ಸುಮಾರು 69 ಕಿಲೋಗ್ರಾಂ ಅಂಚೆಗೂ ಜಾಗವಿತ್ತು. ಒಂದೇ ಹಾರಾಟದಲ್ಲಿ ಎರಡು ಸಲ ಸೂರ್ಯೋದಯ ಕಾಣುತ್ತಿದ್ದುದರಿಂದ ಇದಕ್ಕೆ ‘ಎರಡು ಸೂರ್ಯೋದಯ’ದ ಸೇವೆ ಎಂಬ ಹೆಸರಾಯಿತು, ಪ್ರಯಾಣಿಕರಿಗೆ ಅದೇ ಹೆಸರಿನ ಪ್ರಮಾಣಪತ್ರವನ್ನೂ ಕೊಡಲಾಗುತ್ತಿತ್ತು. 1945ರ ಜುಲೈವರೆಗೆ ಇಂತಹ 271 ಹಾರಾಟಗಳು ನಡೆದವು. ಸಿಲೋನಿನಿಂದ ಮುಂದೆ ಕರಾಚಿಯ ಮೂಲಕ ಬ್ರಿಟನ್ನಿಗೆ ಸಂಪರ್ಕವಿತ್ತು.

ಕಾಂಗರೂ ಮಾರ್ಗ

1947ರ ಡಿಸೆಂಬರ್ 1ರಂದು ಕ್ವಾಂಟಾಸ್‌ನ ಲಾಕ್‌ಹೀಡ್ ಕಾನ್‌ಸ್ಟಲೇಷನ್ ವಿಮಾನವು 29 ಪ್ರಯಾಣಿಕರು ಮತ್ತು 11 ಸಿಬ್ಬಂದಿಯೊಂದಿಗೆ ಸಿಡ್ನಿಯಿಂದ ಲಂಡನ್ನಿಗೆ ಹೊರಟಿತು. ಒಂದೇ ಸಂಸ್ಥೆಯ ಒಂದೇ ವಿಮಾನ ಪೂರ್ತಿ ದಾರಿಯನ್ನು ಕ್ರಮಿಸುವ ನಿಯಮಿತ ಸೇವೆ ಇಲ್ಲಿಂದ ಶುರುವಾಯಿತು. ಡಾರ್ವಿನ್, ಸಿಂಗಾಪುರ, ಕಲ್ಕತ್ತಾ, ಕರಾಚಿ, ಕೈರೋ ಮತ್ತು ಟ್ರಿಪೋಲಿಗಳಲ್ಲಿ ನಿಂತು ಅದು ನಾಲ್ಕು ದಿನಗಳಲ್ಲಿ ಲಂಡನ್ ತಲುಪಿತು. ಹೋಗಿಬರುವ ಟಿಕೆಟ್ಟಿನ ಬೆಲೆ 585 ಪೌಂಡು. ಇದು ಅಂದಿನ ಸಾಮಾನ್ಯ ಆಸ್ಟ್ರೇಲಿಯನ್ ಕೆಲಸಗಾರನ ಇಡೀ ವರ್ಷದ ಸಂಪಾದನೆಗಿಂತ ಹೆಚ್ಚು. ಹಾಗಾಗಿ ದೂರ ಕಡಿಮೆಯಾದದ್ದು ಹಣವುಳ್ಳವರಿಗೆ ಮತ್ತು ಸರ್ಕಾರಿ ಕೆಲಸದ ಮೇಲೆ ಹೋಗುವವರಿಗೆ ಮಾತ್ರ. ಯುದ್ಧಾನಂತರ ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ ವಲಸೆ ಹೋದ ಲಕ್ಷಾಂತರ ಕುಟುಂಬಗಳಲ್ಲಿ ಹೆಚ್ಚಿನವು ಹಡಗಿನಲ್ಲೇ ಹೋದವು. ಊರಿನಲ್ಲಿ ಬಿಟ್ಟುಬಂದ ತಂದೆತಾಯಿಯರನ್ನು ಮತ್ತೆ ನೋಡುವ ಅವಕಾಶ ಅನೇಕರಿಗೆ ಒದಗಲೇ ಇಲ್ಲ. ಇತಿಹಾಸಕಾರ ಜೆಫ್ರಿ ಬ್ಲೇನಿ 1966ರಲ್ಲಿ ಪ್ರಕಟಿಸಿದ, ಆಸ್ಟ್ರೇಲಿಯಾದ ಬದುಕನ್ನು ದೂರವು ಹೇಗೆ ರೂಪಿಸಿತೆಂದು ವಿವರಿಸುವ ಪುಸ್ತಕದ ಹೆಸರು ‘ದಿ ಟಿರನಿ ಆಫ್ ಡಿಸ್ಟೆನ್ಸ್’, ಅಂದರೆ ದೂರದ ದಬ್ಬಾಳಿಕೆ.

1959ರಲ್ಲಿ ಬೋಯಿಂಗ್ 707 ಜೆಟ್ ವಿಮಾನಗಳು ಬಂದು ದಿನಗಳ ಲೆಕ್ಕವನ್ನು ಗಂಟೆಗಳಿಗೆ ಇಳಿಸಿದವು. 1970ರ ದಶಕದಲ್ಲಿ ಬಂದ ಬೋಯಿಂಗ್ 747 ನೂರಾರು ಜನರನ್ನು ಒಟ್ಟಿಗೆ ಹೊತ್ತು ದರವನ್ನು ಸಾಮಾನ್ಯರ ಹತ್ತಿರಕ್ಕೆ ತಂದಿತು. ವಲಸೆ ಹಡಗುಗಳ ಕಾಲ ಅಲ್ಲಿಗೆ ಮುಗಿಯಿತು. ವಿಮಾನದ ವ್ಯಾಪ್ತಿ ಹೆಚ್ಚಿದಂತೆ ನಿಲುಗಡೆಗಳು ಒಂದೊಂದಾಗಿ ಬಿಟ್ಟುಹೋದವು. ಕಲ್ಕತ್ತಾ ಮತ್ತು ಕರಾಚಿಗಳು ಈ ಮಾರ್ಗದಿಂದ ಮರೆಯಾದದ್ದು ಹೀಗೆ. ಅವು ದಾರಿಯಿಂದ ದೂರವಾಗಲಿಲ್ಲ. ಅಲ್ಲಿ ಇಳಿಯುವ ಅಗತ್ಯ ವಿಮಾನಗಳಿಗೆ ಉಳಿಯಲಿಲ್ಲ.

ಕೊನೆಗೆ ಉಳಿದ ಒಂದು ನಿಲುಗಡೆ ಎಲ್ಲಿರಬೇಕೆಂಬುದು ವ್ಯಾಪಾರದ ಪ್ರಶ್ನೆಯಾಯಿತು. ಎಮಿರೇಟ್ಸ್ ಸಂಸ್ಥೆಯೊಂದಿಗಿನ ಒಪ್ಪಂದದಂತೆ ಕ್ವಾಂಟಾಸ್ 2013ರ ಮಾರ್ಚ್ ಕೊನೆಯಲ್ಲಿ ತನ್ನ ಲಂಡನ್ ವಿಮಾನಗಳ ನಿಲುಗಡೆಯನ್ನು ಸಿಂಗಾಪುರದಿಂದ ದುಬೈಗೆ ಬದಲಿಸಿತು. ಐದು ವರ್ಷಗಳ ನಂತರ, 2018ರ ಮಾರ್ಚಿನಲ್ಲಿ, ಮರಳಿ ಸಿಂಗಾಪುರಕ್ಕೆ ತಂದಿತು. 2022ರ ಸೆಪ್ಟೆಂಬರ್ 14ರಂದು ಇದೇ ಸಂಸ್ಥೆ ಸಿಡ್ನಿ ಮತ್ತು ಬೆಂಗಳೂರು ನಡುವೆ ನೇರ ಸೇವೆ ಆರಂಭಿಸಿತು. ಆಸ್ಟ್ರೇಲಿಯಾ ಮತ್ತು ದಕ್ಷಿಣ ಭಾರತಗಳ ನಡುವಿನ ಮೊದಲ ತಡೆರಹಿತ ಸಂಪರ್ಕ ಅದಾಗಿತ್ತು.

ತಡೆರಹಿತ ಹಾರಾಟದ ಯತ್ನಗಳು

1989ರ ಆಗಸ್ಟ್ 17ರಂದು ‘ಸಿಟಿ ಆಫ್ ಕ್ಯಾನ್‌ಬೆರಾ’ ಎಂಬ ಹೊಸ ಬೋಯಿಂಗ್ 747–400 ವಿಮಾನವು ಲಂಡನ್ನಿನಿಂದ ಸಿಡ್ನಿಗೆ ಎಲ್ಲಿಯೂ ಇಳಿಯದೆ 20 ಗಂಟೆ 9 ನಿಮಿಷಗಳಲ್ಲಿ ಹಾರಿತು. ಟಿಕೆಟ್ಟು ಕೊಂಡ ಪ್ರಯಾಣಿಕರಿರಲಿಲ್ಲ. ಒಳಗೆ ಇದ್ದವರು ಇಪ್ಪತ್ತರ ಆಸುಪಾಸಿನಷ್ಟು ಜನ ಮಾತ್ರ. ಅದೇ ಪ್ರಮಾಣದ ಟ್ಯಾಂಕಿನಲ್ಲಿ ಹೆಚ್ಚು ಶಕ್ತಿ ಹಿಡಿಸಲು ವಿಶೇಷವಾಗಿ ತಯಾರಿಸಿದ ಹೆಚ್ಚು ಸಾಂದ್ರತೆಯ ಇಂಧನ ತುಂಬಲಾಗಿತ್ತು. ನೆಲದ ಮೇಲೆ ಇಂಧನ ಉರಿಸಿ ವ್ಯರ್ಥ ಮಾಡಬಾರದೆಂದು ವಿಮಾನವನ್ನು ಓಡುದಾರಿಯ ತುದಿಯವರೆಗೆ ವಾಹನದಿಂದ ಎಳೆದೊಯ್ದರು. ಇಷ್ಟೆಲ್ಲ ಕಸರತ್ತು ಬೇಕಾಯಿತೆಂಬುದೇ ನಾಲ್ಕುನೂರು ಪ್ರಯಾಣಿಕರೊಂದಿಗೆ ಇದು ಆಗದ ಮಾತೆಂದು ತೋರಿಸಿತು. ಈ ವಿಮಾನ ಈಗ ನ್ಯೂ ಸೌತ್ ವೇಲ್ಸ್‌ನ ಆಲ್ಬಿಯನ್ ಪಾರ್ಕ್ ಬಳಿಯ ವಿಮಾನ ಸಂಗ್ರಹಾಲಯದಲ್ಲಿದೆ. ಇದಕ್ಕೂ ಮೊದಲು, 1985ರ ಫೆಬ್ರುವರಿಯಲ್ಲಿ, ಬ್ರಿಟಿಷ್ ಏರ್‌ವೇಸ್‌ನ ಕಾನ್‌ಕಾರ್ಡ್ ದಾರಿಯಲ್ಲಿ ಇಂಧನಕ್ಕಾಗಿ ಇಳಿಯುತ್ತ ಹೋಗಿಯೂ 17 ಗಂಟೆ 3 ನಿಮಿಷಗಳಲ್ಲಿ ಸಿಡ್ನಿ ಸೇರಿತ್ತು.

ಸಮಸ್ಯೆಯ ಮೂಲ ಇಂಧನದ ತೂಕದಲ್ಲಿದೆ. ದೂರದ ಹಾರಾಟದ ಕೊನೆಯ ಗಂಟೆಗಳಿಗೆ ಬೇಕಾದ ಇಂಧನವನ್ನು ವಿಮಾನವು ಮೊದಲ ಗಂಟೆಯಿಂದಲೇ ಹೊರಬೇಕು. ಹಾಗೆ ಹೊರುವುದಕ್ಕೂ ಇಂಧನ ಉರಿಯುತ್ತದೆ. ಆದುದರಿಂದ ದೂರ ಎರಡು ಪಟ್ಟಾದರೆ ಇಂಧನ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಪ್ರಯಾಣಿಕರ ಸಂಖ್ಯೆಯನ್ನು ಇಳಿಸಿದರೆ ತೂಕ ತಗ್ಗುತ್ತದೆ, ಆದರೆ ಪ್ರತಿಯೊಬ್ಬರ ಪಾಲಿನ ವೆಚ್ಚ ಏರುತ್ತದೆ. ನಡುವೆ ಇಳಿದು ಇಂಧನ ತುಂಬುವ ಪದ್ಧತಿ ಇಷ್ಟು ಕಾಲ ಉಳಿದದ್ದು ಈ ಸರಳ ಲೆಕ್ಕದಿಂದ.

2018ರ ಮಾರ್ಚ್ 24ರಂದು ಹಗುರವಾದ ಬೋಯಿಂಗ್ 787–9 ವಿಮಾನದಿಂದ ಪರ್ತ್–ಲಂಡನ್ ಸೇವೆ ಆರಂಭವಾಯಿತು. ಸುಮಾರು 14,500 ಕಿ.ಮೀ. ದೂರದ, 17 ಗಂಟೆ ಮೀರುವ ಈ ಹಾರಾಟವು ಆಸ್ಟ್ರೇಲಿಯಾ ಮತ್ತು ಯುರೋಪುಗಳ ನಡುವಿನ ಮೊದಲ ನಿಯಮಿತ ತಡೆರಹಿತ ಸೇವೆ. ಮರುವರ್ಷ ನವೆಂಬರ್ 14ರಂದು ಅದೇ ಮಾದರಿಯ ವಿಮಾನವು ಸುಮಾರು ಐವತ್ತು ಜನರೊಂದಿಗೆ ಲಂಡನ್ನಿನಿಂದ ಹೊರಟು 19 ಗಂಟೆ 19 ನಿಮಿಷಗಳಲ್ಲಿ, ಸುಮಾರು 17,800 ಕಿ.ಮೀ. ಕ್ರಮಿಸಿ ಸಿಡ್ನಿಯಲ್ಲಿ ಇಳಿಯಿತು. ದೀರ್ಘ ಹಾರಾಟದಲ್ಲಿ ಮನುಷ್ಯನ ದೇಹ ಹೇಗೆ ವರ್ತಿಸುತ್ತದೆ ಎಂಬ ಸಂಶೋಧನೆ ಇದರ ಉದ್ದೇಶವಾಗಿತ್ತು. ಒಳಗಿದ್ದವರು ಎರಡು ಸೂರ್ಯೋದಯಗಳನ್ನು ಕಂಡರು. ಯುದ್ಧಕಾಲದ ಆ ಸೇವೆಯ ನೆನಪಿನಲ್ಲಿ ಈ ಯೋಜನೆಗೆ ‘ಪ್ರಾಜೆಕ್ಟ್ ಸನ್‌ರೈಸ್’ ಎಂದೇ ಹೆಸರಿಡಲಾಗಿದೆ.

2022ರ ಮೇ ತಿಂಗಳಲ್ಲಿ ಕ್ವಾಂಟಾಸ್ ಈ ಯೋಜನೆಗಾಗಿ 12 ಏರ್‌ಬಸ್ ಎ350–1000 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಹೆಚ್ಚುವರಿಯಾಗಿ 20,000 ಲೀಟರ್ ಇಂಧನದ ಟ್ಯಾಂಕ್ ಹೊಂದಿರುವ ಈ ವಿಮಾನಗಳಲ್ಲಿ 238 ಆಸನಗಳು ಮಾತ್ರ ಇರುತ್ತವೆ; ಅದೇ ಮಾದರಿಯ ಇತರ ವಿಮಾನಗಳಲ್ಲಿ 300ಕ್ಕಿಂತ ಹೆಚ್ಚು ಆಸನಗಳಿರುವುದು ಸಾಮಾನ್ಯ. 2025ರ ಕೊನೆಗೆ ಸೇವೆ ಆರಂಭಿಸುವ ಮೊದಲ ಗುರಿಯು ಟ್ಯಾಂಕಿನ ವಿನ್ಯಾಸವನ್ನು ಬದಲಿಸಬೇಕಾದ್ದರಿಂದ ಮುಂದೆ ಹೋಯಿತು. ಹೋಲಿಕೆಗಾಗಿ, 2020ರ ದಶಕದ ಆರಂಭದ ವರ್ಷಗಳಲ್ಲಿ ಜಗತ್ತಿನ ಅತಿ ದೂರದ ನಿಯಮಿತ ತಡೆರಹಿತ ಸೇವೆಯೆನಿಸಿದ್ದ ಸಿಂಗಾಪುರ–ನ್ಯೂಯಾರ್ಕ್ ಮಾರ್ಗದ ಉದ್ದ ಸುಮಾರು 15,300 ಕಿ.ಮೀ.

ಮುಚ್ಚಿದ ಆಕಾಶಗಳು

ಮಹಾವೃತ್ತದ ದಾರಿ ರಷ್ಯಾದ ಮೇಲೆ ಹಾಯುತ್ತದೆ. ಉಕ್ರೇನ್ ಮೇಲಿನ ಆಕ್ರಮಣದ ನಂತರ, 2022ರ ಫೆಬ್ರುವರಿಯಲ್ಲಿ, ಬ್ರಿಟನ್ ಮತ್ತು ರಷ್ಯಾ ಪರಸ್ಪರರ ವಿಮಾನಗಳಿಗೆ ತಮ್ಮ ವಾಯುಪ್ರದೇಶವನ್ನು ಮುಚ್ಚಿದವು. ಅಂದಿನಿಂದ ಲಂಡನ್ನಿನಿಂದ ಪೂರ್ವಕ್ಕೆ ಹೋಗುವ ಬ್ರಿಟಿಷ್ ವಿಮಾನಗಳು ದಕ್ಷಿಣಕ್ಕೆ ಸುತ್ತುತ್ತಿವೆ. ಸುತ್ತುದಾರಿ ಹಾಯುವ ಪಶ್ಚಿಮ ಏಷ್ಯಾದ ಆಕಾಶವೂ ಸದಾ ನಿರಾತಂಕವಾಗಿಲ್ಲ. 2024ರ ಏಪ್ರಿಲಿನಲ್ಲಿ ಇರಾನ್ ವಾಯುಪ್ರದೇಶವನ್ನು ತಪ್ಪಿಸಬೇಕಾದಾಗ ಪರ್ತ್‌ನಿಂದ ಲಂಡನ್ನಿಗೆ ಹೋಗುವ ವಿಮಾನವು ತಡೆರಹಿತವಾಗಿ ಹಾರಲಾಗದೆ ಇಂಧನಕ್ಕಾಗಿ ಸಿಂಗಾಪುರದಲ್ಲಿ ಇಳಿಯತೊಡಗಿತು. ಆದರೆ ಲಂಡನ್ನಿನಿಂದ ಪರ್ತ್‌ಗೆ ಮರಳುವ ವಿಮಾನವು, ಬೆನ್ನಿನ ಗಾಳಿಯ ಬಲದಿಂದ, ಅದೇ ದಿನಗಳಲ್ಲಿ ನೇರವಾಗಿಯೇ ಹಾರುತ್ತಿತ್ತು.

ಕಾಲವಲಯ ಮತ್ತು ದೇಹ

ಸಿಡ್ನಿಯ ಗಡಿಯಾರ ಲಂಡನ್ನಿಗಿಂತ ಸದಾ ಮುಂದಿರುತ್ತದೆ, ಆದರೆ ಎಷ್ಟು ಮುಂದೆ ಎಂಬುದು ಋತುವನ್ನು ಅವಲಂಬಿಸಿದೆ. ಎರಡೂ ನಗರಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ. ಆದರೆ ಒಂದರ ಬೇಸಿಗೆ ಇನ್ನೊಂದರ ಚಳಿಗಾಲ. ಹಾಗಾಗಿ ಲಂಡನ್ನಿನ ಚಳಿಗಾಲದಲ್ಲಿ ಅಂತರ 11 ಗಂಟೆ, ಬೇಸಿಗೆಯಲ್ಲಿ 9 ಗಂಟೆ. ಎರಡು ದೇಶಗಳು ಗಡಿಯಾರ ಬದಲಿಸುವ ದಿನಾಂಕಗಳು ಬೇರೆಯಾದುದರಿಂದ ಅಕ್ಟೋಬರಿನ ಕೆಲವು ವಾರಗಳಲ್ಲಿ ಹಾಗೂ ಮಾರ್ಚ್–ಏಪ್ರಿಲ್ ನಡುವಿನ ಕೆಲವು ದಿನಗಳಲ್ಲಿ ಅದು 10 ಗಂಟೆಯಾಗಿರುತ್ತದೆ. ಸೋಮವಾರ ರಾತ್ರಿ ಲಂಡನ್ ಬಿಟ್ಟವರು ಸಿಡ್ನಿಗೆ ಕಾಲಿಡುವುದು ಬುಧವಾರ ಬೆಳಗ್ಗೆ. ಮಂಗಳವಾರದ ಬಹುಪಾಲು ಆಕಾಶದಲ್ಲೇ ಕಳೆದಿರುತ್ತದೆ.

ಹಗಲುರಾತ್ರಿಗಳು ಬಹುತೇಕ ಅದಲುಬದಲಾಗುವುದರಿಂದ ನಿದ್ರೆ, ಹಸಿವು ಮತ್ತು ಏಕಾಗ್ರತೆ ಏರುಪೇರಾಗುತ್ತವೆ. ಇದನ್ನು ಜೆಟ್ ಲ್ಯಾಗ್ ಎನ್ನುತ್ತಾರೆ. ದೇಹವು ದಿನಕ್ಕೆ ಸುಮಾರು ಒಂದು ಗಂಟೆಯಂತೆ ಹೊಂದಿಕೊಳ್ಳುತ್ತದೆ ಎಂಬುದು ಸ್ಥೂಲ ಲೆಕ್ಕ; ಆ ಪ್ರಕಾರ ಪ್ರಯಾಣ ಒಂದು ದಿನದ್ದಾದರೂ ಚೇತರಿಕೆಗೆ ಒಂದು ವಾರಕ್ಕೂ ಹೆಚ್ಚು ಬೇಕು. 2019ರ ಹಾರಾಟದಲ್ಲಿ ಬೆಳಕು, ಊಟದ ಸಮಯ ಮತ್ತು ಚಲನೆಗಳನ್ನು ಸಿಡ್ನಿಯ ಗಡಿಯಾರಕ್ಕೆ ಹೊಂದಿಸಿ, ಪ್ರಯಾಣಿಕರ ನಿದ್ರೆಯನ್ನೂ ಚಾಲಕರ ಮೆದುಳಿನ ಅಲೆಗಳನ್ನೂ ಎಚ್ಚರದ ಮಟ್ಟವನ್ನೂ ಅಳೆಯಲಾಯಿತು. ಗಂಟೆಗಟ್ಟಲೆ ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಆಗಾಗ ಎದ್ದು ನಡೆಯುವಂತೆ ವೈದ್ಯರು ಸಲಹೆ ನೀಡುತ್ತಾರೆ. ಹೊಸ ಎ350 ವಿಮಾನಗಳ ಒಳಗೆ ಪ್ರಯಾಣಿಕರು ಎದ್ದುನಿಂತು ಮೈ ಸಡಿಲಿಸಿಕೊಳ್ಳಲು ಪ್ರತ್ಯೇಕ ಜಾಗವನ್ನು ಬಿಡಲಾಗಿದೆ.